ಹ್ಯಾಂಪ್ಟನ್ ಊರಿನ ಮೇಷ್ಟರು

ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆದಿವೆ. ಜೊತೆಗೇ ಇಲ್ಲಿ ಅಮೆರಿಕದಲ್ಲಿ ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯೂ ಶುರುವಾಗಿದೆ. ಮೊದಲ ದಿನ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬರು ಮೆಲ್ಲಗೆ ಕೇಳಿದರು: "ಮನೆಯಲ್ಲೂ ಇಂಗ್ಲಿಷೇ ಆಡಿ ಎಂದು ಶಾಲೆಯ ಟೀಚರ್ ಹೇಳಿದ್ದಾರೆ. ಇಲ್ಲಿಗೆ ಕಳಿಸಿದರೆ ತೊಂದರೆಯಿಲ್ಲ ತಾನೇ?" ಇಲ್ಲ ಎಂದು ಧೈರ್ಯವಾಗಿ ಹೇಳಿದೆ. ಆ ಧೈರ್ಯಕ್ಕಾಗಿ ನಾವೆಲ್ಲರೂ ಒಬ್ಬ ಹಳ್ಳಿಯ ಮೇಷ್ಟರಿಗೆ ಋಣಿಗಳು.

1920ರ ಮೇ 25. ನೆಬ್ರಾಸ್ಕಾ ರಾಜ್ಯದ ಹ್ಯಾಂಪ್ಟನ್ ಊರಿನ ಬಳಿ ಲೂಥರನ್ ಚರ್ಚಿನ ಒಂದು ಪುಟ್ಟ ಶಾಲೆ. ಮಧ್ಯಾಹ್ನದ ಬಿಡುವಿನಲ್ಲಿ ರಾಬರ್ಟ್ ಮೆಯರ್ ಎಂಬ ಉಪಾಧ್ಯಾಯರು ಹತ್ತು ವರ್ಷದ ಹುಡುಗನಿಂದ ಬೈಬಲ್ ಕತೆಯೊಂದನ್ನು ಜರ್ಮನ್ ಭಾಷೆಯಲ್ಲಿ ಓದಿಸುತ್ತಿದ್ದರು. ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಸರ್ಕಾರಿ ವಕೀಲರು ಬಂದರು. ಆ ಕ್ಷಣ ಇಂಗ್ಲಿಷಿಗೆ ಹೊರಳಿದ್ದರೆ ಬಿಟ್ಟುಬಿಡುತ್ತಿದ್ದರು ಎಂಬುದು ತಮಗೆ ಗೊತ್ತಿತ್ತು, ಆದರೆ ಹಿಂಜರಿಯಬಾರದು ಅನಿಸಿತು ಎಂದು ಮೆಯರ್ ಆಮೇಲೆ ತಮ್ಮ ವಕೀಲರಿಗೆ ಹೇಳಿದರು. ಪಾಠ ಜರ್ಮನ್‌ನಲ್ಲೇ ಮುಂದುವರಿಯಿತು. ಅವರಿಗೆ 25 ಡಾಲರ್ ದಂಡ ಬಿತ್ತು.

ಅಮೆರಿಕ ಜರ್ಮನಿಯ ವಿರುದ್ಧ ಹೋರಾಡಿದ ಮೊದಲ ಮಹಾಯುದ್ಧದ ಕಾವು ಆರುವ ಮೊದಲೇ, 1919ರಲ್ಲಿ, ನೆಬ್ರಾಸ್ಕಾ ಒಂದು ಕಾನೂನು ಮಾಡಿತ್ತು: ಎಂಟನೆಯ ತರಗತಿ ದಾಟದ ಮಗುವಿಗೆ ಇಂಗ್ಲಿಷಲ್ಲದ ಭಾಷೆಯನ್ನು ಯಾವ ಶಾಲೆಯಲ್ಲೂ ಕಲಿಸಕೂಡದು. ಲ್ಯಾಟಿನ್, ಗ್ರೀಕ್, ಹೀಬ್ರೂ ಈ ನಿಷೇಧಕ್ಕೆ ಸೇರುವುದಿಲ್ಲ ಎಂದು ರಾಜ್ಯದ ನ್ಯಾಯಾಲಯ ವಿವರಿಸಿತು. ಮನೆಯಲ್ಲಿ ಯಾರೂ ಆಡದ ಭಾಷೆಯನ್ನು ಕಲಿಸಬಹುದು, ಅಜ್ಜಿ ಆಡುವ ಭಾಷೆಯನ್ನು ಕಲಿಸುವುದು ಅಪರಾಧ!

ಇದರ ಬೇರು ಬರಿಯ ದ್ವೇಷವಲ್ಲ. ಅದು ಒಂದು ದೊಡ್ಡ ಕನಸಿನಲ್ಲಿಯೂ ಇತ್ತು. 1837ರಲ್ಲಿ ಮ್ಯಾಸಚೂಸೆಟ್ಸ್ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದ ಹೊರೇಸ್ ಮನ್, ಸಿರಿವಂತರ ಮಗುವೂ ಬಡವರ ಮಗುವೂ ಒಂದೇ ಬೆಂಚಿನ ಮೇಲೆ ಕೂರುವ ಸಾರ್ವಜನಿಕ ಶಾಲೆಗಾಗಿ ಹನ್ನೆರಡು ವರ್ಷ ದುಡಿದರು. ನಾಲ್ಕು ದಿಕ್ಕಿನಿಂದ ಬಂದವರು ಒಂದು ಪ್ರಜೆಯಾಗಲು ಆ ಬೆಂಚು ಬೇಕೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ನಮ್ಮ ಮಕ್ಕಳೂ ಅದೇ ಬೆಂಚಿನಿಂದ ಮೇಲೆ ಬಂದವರು. ಆದರೆ ಒಂದೇ ಬೆಂಚು ಎಂದರೆ ಒಂದೇ ನಾಲಿಗೆ ಎಂದು ಅರ್ಥ ಮಾಡಿಕೊಂಡವರು ಮೊದಲಿನಿಂದಲೂ ಇದ್ದರು. 1879ರಲ್ಲಿ ತೆರೆದ ಕಾರ್ಲೈಲ್ ವಸತಿ ಶಾಲೆಯಲ್ಲಿ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿ ಬಿಡಿಸಿದ್ದು ಆ ಅರ್ಥದ ಅತಿ ಕ್ರೂರ ರೂಪ. ಮನ್ ಸ್ವತಃ 1843ರಲ್ಲಿ ಅಂದಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಶಾಲೆಗಳನ್ನು ನೋಡಿ ಮೆಚ್ಚಿ ಬಂದವರು. ಈ ದೇಶದ ಮೊದಲ ಕಿಂಡರ್‌ಗಾರ್ಟನ್ ಎನ್ನಲಾಗುವ, 1856ರಲ್ಲಿ ವಿಸ್ಕಾನ್ಸಿನ್‌ನಲ್ಲಿ ತೆರೆದ ತರಗತಿ ನಡೆದದ್ದೂ ಜರ್ಮನ್ ಭಾಷೆಯಲ್ಲಿ. ಅದೇ ಭಾಷೆಯನ್ನು ಮಕ್ಕಳ ಬಾಯಿಂದ ಕಿತ್ತುಕೊಳ್ಳಹೊರಟರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಮೆಯರ್ ಅವರ ಮೊಕದ್ದಮೆ ವಾಷಿಂಗ್ಟನ್ ತಲುಪಿತು. 1923ರಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಮೂರ್ತಿ ಮ್ಯಾಕ್‌ರೆನಾಲ್ಡ್ಸ್ ಪ್ರಾಚೀನ ಗ್ರೀಸಿನ ತತ್ವಜ್ಞಾನಿ ಪ್ಲೇಟೋನನ್ನೂ ಅಲ್ಲಿನ ಸ್ಪಾರ್ಟಾ ನಗರರಾಜ್ಯವನ್ನೂ ನೆನೆದರು. ಹೆತ್ತವರಿಗೆ ತಮ್ಮ ಮಗು ಯಾವುದೆಂದೇ ತಿಳಿಯದಂತೆ ರಾಜ್ಯವೇ ಬೆಳೆಸುವ ಪ್ಲೇಟೋನ ಆದರ್ಶಕ್ಕೂ ಈ ದೇಶದ ಸಂವಿಧಾನಕ್ಕೂ ಹೊಂದುವುದಿಲ್ಲ ಎಂದರು. ನಾಲ್ಕು ವರ್ಷದ ನಂತರ ಹವಾಯಿಯ ಜಪಾನೀ ಭಾಷಾ ಶಾಲೆಗಳ ಸರದಿ. ಸರ್ಕಾರಿ ಶಾಲೆಯ ಸಮಯದ ಹೊರಗೆ ನಡೆಯುತ್ತಿದ್ದ ಅವು ನಮ್ಮ ಭಾನುವಾರದ ತರಗತಿಯ ನಿಜವಾದ ಹಿರಿಯಕ್ಕಂದಿರು. ತಲೆಗೊಂದು ಡಾಲರ್ ಶುಲ್ಕ, ದಿನಕ್ಕೆ ಒಂದೇ ಗಂಟೆ ಪಾಠ, ಪಠ್ಯಪುಸ್ತಕದ ಮೇಲೆ ಸರ್ಕಾರದ ಹಿಡಿತ ಎಂಬ ಕಟ್ಟುಗಳನ್ನೂ ಸುಪ್ರೀಂ ಕೋರ್ಟ್ ಬಿಡಿಸಿತು.

ಹಾಗಾದರೆ ಮಗು ಹೆತ್ತವರ ಸ್ವತ್ತೇ? ಅದನ್ನೂ ನಾನು ಒಪ್ಪಲಾರೆ. ಗ್ರಂಥಾಲಯದಲ್ಲಿ ಯಾವ ಪುಸ್ತಕ ಇರಬೇಕು, ಇತಿಹಾಸವನ್ನು ಹೇಗೆ ಹೇಳಬೇಕು ಎಂಬ ಇಂದಿನ ಜಗಳಗಳಲ್ಲೂ ಹೆತ್ತವರ ಹಕ್ಕಿನ ಮಾತು ಕೇಳುತ್ತೇವೆ. ಬೇರೆಯವರ ಮಕ್ಕಳು ಏನು ಓದಬೇಕೆಂದು ನಿರ್ಧರಿಸುವ ಹಕ್ಕನ್ನು ಮೆಯರ್ ಕೇಳಿರಲಿಲ್ಲ.

ಈ ಕತೆಯನ್ನು ಆ ತಾಯಿಗೆ ಹೇಳುವಾಗ ಮಗಳು ಪಕ್ಕದಲ್ಲೇ ನಿಂತಿದ್ದಳು. "ಆ ಹುಡುಗನಿಗೆ ಜರ್ಮನ್ ಓದಲು ಇಷ್ಟವಿತ್ತಾ?" ಎಂದಳು. ನಾನು ತಬ್ಬಿಬ್ಬಾದೆ. ತೀರ್ಪಿನಲ್ಲಿ ಮೇಷ್ಟರ ಹಕ್ಕಿದೆ, ಹೆತ್ತವರ ಹಕ್ಕಿದೆ, ಹುಡುಗನ ಮಾತಿಲ್ಲ. 1972ರಲ್ಲಿ, ಹಳೆಯ ಕಾಲದ ಸರಳ ಬದುಕನ್ನು ಉಳಿಸಿಕೊಂಡ ಕ್ರೈಸ್ತ ಪಂಗಡವಾದ ಅಮಿಶರು ಎಂಟನೆಯ ತರಗತಿಯ ನಂತರ ಮಕ್ಕಳನ್ನು ಶಾಲೆ ಬಿಡಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿ ಡಗ್ಲಸ್ ಒಬ್ಬರೇ, ಮಕ್ಕಳನ್ನೂ ಕೇಳಿ ಎಂದು ಭಿನ್ನಮತ ಬರೆದಿದ್ದರು.

ನಮ್ಮ ಶಿಕ್ಷಕರೊಂದಿಗೆ ಮಾತನಾಡಿದ್ದೇನೆ. ಬರುವ ಭಾನುವಾರ ಮೊದಲ ಅರ್ಧ ಗಂಟೆ ಕಾಗುಣಿತವಿಲ್ಲ. ಕನ್ನಡದಲ್ಲಿ ಏನನ್ನು ಓದಲು, ಯಾರೊಂದಿಗೆ ಮಾತನಾಡಲು ಆಸೆ ಎಂದು ಮಕ್ಕಳೇ ಹೇಳುತ್ತಾರೆ, ದೊಡ್ಡವರು ಬರೆದುಕೊಳ್ಳುತ್ತೇವೆ.