ಪಟ್ಟಿಯಿಂದ ದಾಂಡೇಲಿ ತೆಗೆದುಬಿಡು

ಪುಟ್ಟಿ,

ನೀನು ಕಳಿಸಿದ ಪಟ್ಟಿ ನೋಡಿದೆ. ಸೆಮಿನಾರ್ ಮುಗಿದ ಮೇಲೆ ಧಾರವಾಡದಲ್ಲಿ ನಿಮಗೆ ಸಿಗುವುದೇ ಒಂದೂವರೆ ದಿನ. ಅಷ್ಟರೊಳಗೆ ದಾಂಡೇಲಿ, ಗೋಕಾಕ ಜಲಪಾತ ಎಲ್ಲ ತುರುಕಿದ್ದೀಯಲ್ಲೇ! ಅವೆರಡನ್ನೂ ತೆಗೆದುಬಿಡು. ಇಡೀ ದಿನ ಟ್ಯಾಕ್ಸಿಯಲ್ಲಿ ಕೂತು ಬೆನ್ನು ನೋಯಿಸಿಕೊಳ್ಳುವುದು ಯಾವ ಪ್ರವಾಸ? ಆ ಊರಲ್ಲಿ ಎಂ.ಎ. ಓದಿದವಳು ನಾನು, ಪಕ್ಷಪಾತ ಇದ್ದೇ ಇದೆ. ಆದರೂ ಕೇಳು. ಅಲ್ಲಿ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಆಮೇಲೆ ಬರೆದುಕೊ, ಯಾವಾಗ ಹಸಿದಿರಬೇಕು ಅನ್ನುವುದನ್ನು ಮೊದಲು ಬರೆದುಕೊ.

ಮೊದಲ ದಿನದ ಊಟ ಖಾನಾವಳಿಯಲ್ಲೇ ಆಗಬೇಕು. ಬೋರ್ಡಿನ ಅಂದ ನೋಡಿ ಒಳಗೆ ಹೋಗಬೇಡ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿದೆಯಾ, ಕಿವಿಗೊಡು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ನಿನ್ನ ಬೆಂಗಳೂರಿನ ಗೆಳತಿಯರು ಆ ಸೊಪ್ಪನ್ನು ಅಲಂಕಾರಕ್ಕೆ ಇಟ್ಟಿದ್ದಾರೆ ಅಂತ ಪಕ್ಕಕ್ಕೆ ಸರಿಸಿಯಾರು. ಸರಿಸಲು ಬಿಡಬೇಡ. ಎಣ್ಣೆಗಾಯಿಯ ಎಣ್ಣೆ, ಖಾರದ ನಡುವೆ ಆ ಕಹಿ ಎಲೆ ಬಾಯಿಗೆ ಬೇಕೇ ಬೇಕು. ಶೇಂಗಾ ಚಟ್ನಿಗೆ ಮೊಸರು ಕಲಸಿಕೊ, ಪುಡಿಯನ್ನೇ ಮುಕ್ಕಿದರೆ ಬಿಕ್ಕಳಿಕೆ ಗ್ಯಾರಂಟಿ. ಬಡಿಸುವವರು “ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?” ಅಂತ ಕೇಳಿದಾಗ ಸಂಕೋಚಪಡಬೇಡ, ಹಾಗಂತ ಪ್ರತಿ ಸಲ ಹೂಂ ಅನ್ನಲೂ ಬೇಡ, ಕೊನೆಗೆ ಅನ್ನ ಸಾರು ಬರುವುದಿದೆ. ಮಾಂಸದೂಟ ಬೇಕು ಅನ್ನುವವಳಿಗೆ ಸಾವಜಿ ಖಾನಾವಳಿ ತೋರಿಸು; ಖಾರ ಎಂಥದ್ದು ಅಂತ ಮೊದಲೇ ಹೇಳಿಬಿಡು, ಆಮೇಲೆ ನಿನ್ನನ್ನು ಬೈದಾಳು.

ಇಷ್ಟು ಉಂಡ ಮೇಲೆ ಎರಡು ತಾಸು ಯಾವ ಕಟ್ಟಡವೂ ಕಣ್ಣಿಗೆ ಹತ್ತುವುದಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಆವರಣ ಸುತ್ತುವುದನ್ನು ಬೆಳಿಗ್ಗೆಯೇ ಮುಗಿಸಿರು. ಕನ್ನಡ ಸಂಶೋಧನಾ ಸಂಸ್ಥೆಯ ಮ್ಯೂಸಿಯಂ ತಪ್ಪಿಸಬೇಡ. ಸಂಸ್ಥೆ ಶುರುವಾದದ್ದು 1939ರಲ್ಲಿ, ಅಂದರೆ ವಿಶ್ವವಿದ್ಯಾಲಯಕ್ಕಿಂತ ಅದೇ ಹಿರಿಯ. ಅಲ್ಲಿಂದ ಬರುವಾಗ ಕರ್ನಾಟಕ ಕಾಲೇಜಿನ ಎದುರು ಒಂದು ನಿಮಿಷ ನಿಂತು ನೋಡು. 1917ರಲ್ಲಿ ಶುರುವಾದ ಕಾಲೇಜು, ಆದರೆ ಕಟ್ಟಡ ಮೊದಲು ರೈಲ್ವೆ ಕಂಪನಿಯ ಕಚೇರಿಯಾಗಿತ್ತು. ಆ ಗತ್ತು ಈಗಲೂ ಹೋಗಿಲ್ಲ.

ಸಂಜೆ ಸಾಧನಕೇರಿ. ಬೇಂದ್ರೆಯವರ ಮನೆ, ಎದುರಿಗೆ ಕೆರೆ. ಫೋಟೋ ತೆಗೆದ ತಕ್ಷಣ ಏಳಬೇಡಿ, ಗಾಳಿಗೆ ಸ್ವಲ್ಪ ಹೊತ್ತು ಕೂರಿ. ಆಮೇಲೆ ಗಿರಮಿಟ್, ಮಿರ್ಚಿ. ಗಿರಮಿಟ್ ಕಟ್ಟಿಸಿಕೊಂಡು ರೂಮಿಗೆ ಒಯ್ಯುವ ಯೋಚನೆ ಮಾಡಬೇಡ. ಹುಣಸೆ–ಬೆಲ್ಲದ ಗೊಜ್ಜು ಚುರುಮುರಿಗೆ ಬಿದ್ದ ಮೇಲೆ ಅದಕ್ಕೆ ಆಯಸ್ಸು ಕಡಿಮೆ, ಅಲ್ಲೇ ನಿಂತು ತಿನ್ನಬೇಕು. ರಾತ್ರಿ ಊಟ ಬೇಡವಾದರೆ ಮಜ್ಜಿಗೆ ಕುಡಿದು ಮಲಗು.

ಎರಡನೆಯ ದಿನ ಬೇಗ ಎದ್ದು ಸೋಮೇಶ್ವರ ಗುಡಿಗೆ ಹೋಗಿ ಬಾ, ಶಾಲ್ಮಲೆ ಹುಟ್ಟುವ ಜಾಗ. ದೊಡ್ಡ ನದಿ ನೋಡುತ್ತೇನೆ ಅಂತ ಹೋದರೆ ನಿರಾಸೆಯಾದೀತು. ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ವನ್ನು ಸ್ಮಾರಕವಾಗಿ ಉಳಿಸಿದ್ದಾರೆ, ನಿನಗೆ ಸಂಗೀತ ಅಷ್ಟಕ್ಕಷ್ಟೆ ಅಂತ ಗೊತ್ತು, ಆದರೂ ಹೋಗು. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿದೆ, ಮೆಟ್ಟಿಲು ಹತ್ತಿ ಹೋಗಬೇಕು. 1933ರಿಂದ ಪುಸ್ತಕ ಪ್ರಕಟಿಸುತ್ತಿರುವವರು. ನಾನು ಓದುತ್ತಿದ್ದಾಗ ಅಲ್ಲಿ ಹೆಚ್ಚು ಸಮಯ ಕಳೆದೆನೋ ತರಗತಿಯಲ್ಲೋ ಅಂತ ನಿಮ್ಮಜ್ಜಿಯನ್ನು ಮಾತ್ರ ಕೇಳಬೇಡ.

ಪೇಡೆಯ ವಿಷಯ. ಮಿಶ್ರಾ ಅಂಗಡಿಗಳು ಊರ ತುಂಬ ಇವೆ, ಚೆನ್ನಾಗಿಯೇ ಇರುತ್ತದೆ. ನನಗೆ ಮಾತ್ರ ಲೈನ್ ಬಜಾರಿನ ಠಾಕೂರರ ಪೇಡೆಯೇ ಆಗಬೇಕು. ಉತ್ತರ ಪ್ರದೇಶದ ಉನ್ನಾವೊ ಕಡೆಯಿಂದ ಬಂದ ಮನೆತನ ಅದು. ಖೋವಾವನ್ನು ಕಂದು ಬಣ್ಣ ಬರುವ ತನಕ ಹುರಿದು, ಕೊನೆಗೆ ಸಕ್ಕರೆಪುಡಿಯಲ್ಲಿ ಹೊರಳಿಸುತ್ತಾರೆ. ಸಾಲು ಇರುತ್ತದೆ, ಬೇಗ ಹೋದರೆ ಒಳ್ಳೆಯದು.

ಹುಬ್ಬಳ್ಳಿಗೆ ಚಿಗರಿ ಬಸ್ಸು ಹಿಡಿ, ಅದಕ್ಕೆ ತನ್ನದೇ ದಾರಿ ಇರುವುದರಿಂದ ಟ್ರಾಫಿಕ್ಕಿನ ಕಾಟ ಕಡಿಮೆ. ಹೊತ್ತು ಉಳಿದಿದ್ದರೆ ಉಣಕಲ್ಲಿನಲ್ಲಿ ಇಳಿದು ಚಂದ್ರಮೌಳೇಶ್ವರ ಗುಡಿ ನೋಡು. ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲು. ರೈಲಿಗೆ ತಡವಾಗುವಂತಿದ್ದರೆ ಇಳಿಯಲೇ ಬೇಡ.

ಪೇಡೆ ಎರಡು ಪೊಟ್ಟಣ ತಾ, ಒಂದರ ಮೇಲೆ ನನ್ನ ಹೆಸರು ಬರೆದಿರು. ನಿಮ್ಮಪ್ಪನಿಗೆ ಡಾಕ್ಟರು ಸಿಹಿ ಬೇಡ ಅಂದಿದ್ದಾರೆ, ಅವರಿಗದು ನೆನಪಾಗುವುದು ಪೊಟ್ಟಣ ಖಾಲಿಯಾದ ಮೇಲೆ.

ನಿನ್ನ,
ಅಮ್ಮ