ಹಳೇ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಮಾರುವವರು ಬಿಲ್ಲಿನಲ್ಲಿ ಪೂರ್ತಿ ವಿವರ ಬರೆಯಲಿ

ಸಂಪಾದಕರಿಗೆ ನಮಸ್ಕಾರ.

ಕಾಲೇಜು ಶುರುವಾಗುವ ಹೊತ್ತಿಗೆ ಎಲ್ಲ ಕಡೆ ಒಂದೇ ಥರದ ಜಾಹೀರಾತು. ‘ಕಂಪನಿ ಲ್ಯಾಪ್‌ಟಾಪ್, ವರ್ಕ್‌ಸ್ಟೇಷನ್ ಮಾಡೆಲ್, ಐ7, 32 ಜಿಬಿ, ಗ್ರಾಫಿಕ್ಸ್ ಕಾರ್ಡ್ ಸಮೇತ, ಹೊಸದರ ಕಾಲು ಬೆಲೆಗೆ.’ ದಾವಣಗೆರೆಯಲ್ಲಿ ಮನೆ ಪ್ಲಾನ್ ಹಾಕುವ ಸಣ್ಣ ಆಫೀಸು ನನ್ನದು. ನಮ್ಮಲ್ಲಿ ಕೆಲಸ ಕಲಿಯಲು ಬರುವ ಸಿವಿಲ್, ಆರ್ಕಿಟೆಕ್ಚರ್ ಹುಡುಗರು, ಹುಡುಗಿಯರು ಇಂಥದ್ದೇ ಒಂದನ್ನು ಹೊತ್ತು ತರುತ್ತಾರೆ. ‘ಸರ್, ಹ್ಯಾಂಗ್ ಆಗ್ತಿದೆ ನೋಡಿ’ ಅನ್ನುತ್ತಾರೆ. ಅಪ್ಪ ಅಮ್ಮ ಸಾಲ ಮಾಡಿ ಕೊಡಿಸಿರುತ್ತಾರೆ, ನೋಡಿದರೆ ಮಷಿನ್ ಕೆಟ್ಟಿರುವುದೇ ಇಲ್ಲ. ಮಾರಿದವನು ಅರ್ಧ ವಿಷಯ ಹೇಳಿ ಅರ್ಧ ನುಂಗಿರುತ್ತಾನೆ, ಅಷ್ಟೆ.

ಇವು ಕಳಪೆ ಮಾಲು ಅಂತ ನಾನು ಹೇಳುತ್ತಿಲ್ಲ. ಡೆಲ್ ಪ್ರಿಸಿಷನ್, ಎಚ್‌ಪಿ ಝಡ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್ ಪಿ ಸರಣಿ, ಇವೆಲ್ಲ ದಿನವಿಡೀ ಭಾರದ ಕೆಲಸ ಮಾಡಲೆಂದೇ ಕಟ್ಟಿದವು. ಸ್ಕ್ರೂ ಬಿಚ್ಚಿದರೆ ಒಳಗಿನ ಭಾಗ ಕೈಗೆ ಸಿಗುತ್ತದೆ. ಹೇಗೆ ಬಿಚ್ಚಬೇಕು ಅಂತ ಚಿತ್ರ ಸಮೇತ ವಿವರಿಸುವ ಸರ್ವಿಸ್ ಮ್ಯಾನುಯಲ್ ಕಂಪನಿಗಳ ವೆಬ್‌ಸೈಟಿನಲ್ಲೇ ಪುಕ್ಕಟೆ ಇದೆ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಡುತ್ತವೆ, ಅವು ಬೆಂಗಳೂರಿನ ಎಸ್‌ಪಿ ರೋಡಿಗೆ ಬಂದು ಅಲ್ಲಿಂದ ನಮ್ಮಂಥ ಊರುಗಳಿಗೆ ಹಂಚಿಹೋಗುತ್ತವೆ. ಒಳ್ಳೆಯದೇ. ಆದರೆ ತರಕಾರಿ ಕೊಳ್ಳುವಾಗ ಬೆಂಡೆಕಾಯಿ ತುದಿ ಮುರಿದು ನೋಡುವ ನಾವು ಇಲ್ಲಿ ಮಾತ್ರ ‘ಐ7’ ಅಂದ ಕೂಡಲೇ ದುಡ್ಡು ಎಣಿಸಿ ಕೊಡುತ್ತೇವೆ.

ಐ7 ಅಂದರೆ ಯಾವ ಐ7? ಇದನ್ನು ಮೊದಲು ಕೇಳಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ಮೇಲಿನದು ಬೇಕು. ಹಾಗಾಗಿ ಥಿಂಕ್‌ಪ್ಯಾಡ್ ಪಿ50, ಪಿ51, ಪ್ರಿಸಿಷನ್ 7510, 7520, ಝಡ್‌ಬುಕ್ 15ರ ಜಿ3, ಜಿ4, ಇವೆಲ್ಲ ಗೆರೆಯ ಆಚೆ ಉಳಿದವು. ಇವುಗಳಲ್ಲಿ ಇರುವುದು 6 ಮತ್ತು 7ನೇ ತಲೆಮಾರು. 2018ರಲ್ಲಿ ಬಂದ ಪಿ52, ಪ್ರಿಸಿಷನ್ 7530, ಝಡ್‌ಬುಕ್ 15 ಜಿ5 ಗೆರೆಯ ಈಚೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲ್ಲ. ಗೆರೆಯ ಆಚೆಯವುಗಳಿಗೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಮಾರುವವರಿದ್ದಾರೆ. ಓಡುತ್ತದೆ, ಆದರೆ ಮುಂದಿನ ಅಪ್‌ಡೇಟ್‌ಗೆ ಗ್ಯಾರಂಟಿ ಇಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು ಪ್ರೋಗ್ರಾಮಿಂಗ್ ಮಾಡುವವರಿಗೆ ಆ ಹಳೇವು ಈಗಲೂ ಚಿನ್ನದಂಥ ಮಷಿನ್‌ಗಳೇ. ವಿಂಡೋಸ್ ಮೇಲೆ ಓಡುವ ಆಟೊಕ್ಯಾಡ್, ರೆವಿಟ್ ಥರದ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಕಲಿಯುವ ಹುಡುಗನಿಗೆ ಅದನ್ನು ಕಟ್ಟುವುದು ಮಾತ್ರ ಅನ್ಯಾಯ.

ಇನ್ನು ಗ್ರಾಫಿಕ್ಸ್ ಕಾರ್ಡಿನ ಹುಚ್ಚು. ‘ಕ್ವಾಡ್ರೊ ಇದೆ’ ಅಂತ ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಎನ್ವಿಡಿಯಾ ಕಂಪನಿ ವರ್ಕ್‌ಸ್ಟೇಷನ್‌ಗಳಿಗೆಂದು ಮಾಡಿದ ಕಾರ್ಡ್ ಅದು. ಯಾರಿಗೆ ಬೇಕು ಅದು? ಆಟೊಕ್ಯಾಡ್‌ನಲ್ಲಿ ಬರೀ 2ಡಿ ಪ್ಲಾನ್ ಎಳೆಯುವವರಿಗೆ ಅಂಥ ಕಾರ್ಡ್ ಬೇಕಾಗೇ ಇಲ್ಲ, ಪ್ರೊಸೆಸರಿನ ಒಂದೊಂದು ಕೋರ್ ಚುರುಕಾಗಿದ್ದರೆ ಸಾಕು. ರೆವಿಟ್‌ಗೂ ಹಾಗೇ, ಜೊತೆಗೆ ಅದಕ್ಕೆ ರ‍್ಯಾಮ್ ಜಾಸ್ತಿ ಬೇಕು. ಯಂತ್ರಭಾಗಗಳ 3ಡಿ ವಿನ್ಯಾಸಕ್ಕೆ ಸಾಲಿಡ್‌ವರ್ಕ್ಸ್ ಬಳಸುವ ಮೆಕ್ಯಾನಿಕಲ್ ಹುಡುಗರಿಗೆ ಕ್ವಾಡ್ರೊದಿಂದ ನಿಜಕ್ಕೂ ಲಾಭ ಇದೆ, ಯಾಕೆಂದರೆ ಮಾಡೆಲನ್ನು ನಿಜದ ವಸ್ತುವಿನಂತೆ ತೋರಿಸುವ ಸಾಲಿಡ್‌ವರ್ಕ್ಸ್‌ನ ‘ರಿಯಲ್‌ವ್ಯೂ’ ಸೌಲಭ್ಯ ಅಂಥ ಪ್ರಮಾಣೀಕೃತ ಕಾರ್ಡುಗಳಿಗೇ ಮೀಸಲು. ಲೂಮಿಯನ್ ಸಾಫ್ಟ್‌ವೇರಿನಲ್ಲಿ ವಾಕ್‌ಥ್ರೂ, ಅಂದರೆ ಕಟ್ಟಡದೊಳಗೆ ನಡೆದಾಡಿದಂತೆ ತೋರಿಸುವ ವಿಡಿಯೊ, ಮಾಡುವ ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೋ, ನನ್ನನ್ನು ಕೇಳಿದರೆ, ಅದೇ ದುಡ್ಡಿಗೆ ಆರ್‌ಟಿಎಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪೇ ವಾಸಿ. ವರ್ಕ್‌ಸ್ಟೇಷನ್ ಅಂಗಡಿಯವರಿಗೆ ಈ ಮಾತು ಸಿಟ್ಟು ತರಿಸಬಹುದು. ಎಐ ಕಲಿಯುತ್ತೇವೆ ಅಂತ ಕ್ವಾಡ್ರೊ ಪಿ2000 ಇರುವ ಮಷಿನ್ ತಗೊಳ್ಳುವವರು ಸ್ವಲ್ಪ ನಿಲ್ಲಿ. ಲ್ಯಾಪ್‌ಟಾಪಿನ ಆ ಕಾರ್ಡಿನಲ್ಲಿ ಇರುವುದೇ 4 ಜಿಬಿ ಮೆಮೊರಿ. ಅದರ ಮೇಲೆ, ಎಐ ಲೆಕ್ಕಾಚಾರವನ್ನು ಕಾರ್ಡಿನ ಮೇಲೆ ಓಡಿಸುವ ಎನ್ವಿಡಿಯಾ ಸಾಫ್ಟ್‌ವೇರ್ ಕುಡಾದ 2025ರಲ್ಲಿ ಬಂದ 13ನೇ ಆವೃತ್ತಿ ಆ ತಲೆಮಾರಿನ ಕಾರ್ಡುಗಳನ್ನು ಕೈಬಿಟ್ಟಿದೆ. ಟಿ1000, ಟಿ2000 ಅಥವಾ ಕ್ವಾಡ್ರೊ ಆರ್‌ಟಿಎಕ್ಸ್ 3000 ಇರುವುದು ಸಿಕ್ಕರೆ ಆ ಕುಡಾ ಚಿಂತೆ ಸದ್ಯಕ್ಕಿಲ್ಲ. ‘ಕಾರ್ಡ್ ಆಮೇಲೆ ಬದಲಾಯಿಸಬಹುದು’ ಅನ್ನುವ ಮಾತನ್ನಂತೂ ನಂಬಲೇಬೇಡಿ. ಕೆಲವು ಮಾಡೆಲ್‌ನಲ್ಲಿ ಕಾರ್ಡ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ, ಕೆಲವುದರಲ್ಲಿ ಬಿಚ್ಚಿದರೂ ಅದೇ ಆಕಾರದ ಇನ್ನೊಂದು ಸಿಗಬೇಕಲ್ಲ.

ನಾನು ಈ ಪತ್ರ ಬರೆಯಲು ದೊಡ್ಡ ಕಾರಣ ಚಾರ್ಜರ್. ಹೌದು, ಚಾರ್ಜರ್! ಈ ಮಷಿನ್‌ಗಳಿಗೆ ಮಾಡೆಲ್ ನೋಡಿಕೊಂಡು 150ರಿಂದ 240 ವ್ಯಾಟ್‌ವರೆಗಿನ ಅಡಾಪ್ಟರ್ ಬೇಕು, ಇಟ್ಟಿಗೆ ಗಾತ್ರದ್ದು, ತೂಕವೂ ಜೋರು. ಅಂಗಡಿಯಲ್ಲಿ ಅದು ಬೇರೆ ಸೇಲ್ ಆಗಿಹೋಗಿರುತ್ತದೋ ಏನೋ, ಹುಡುಗರ ಬ್ಯಾಗಿನಲ್ಲಿ ಬರುವುದು ಆಫೀಸ್ ಲ್ಯಾಪ್‌ಟಾಪಿನ 65 ಅಥವಾ 90 ವ್ಯಾಟ್‌ನದು. ಡೆಲ್‌ನ ಎಷ್ಟೋ ಮಾಡೆಲ್‌ಗಳಲ್ಲಿ ಎರಡರ ಪಿನ್ನೂ ಒಂದೇ ಅಳತೆ, ಸಲೀಸಾಗಿ ಕೂರುತ್ತದೆ. ಆದರೆ ಪಿನ್ನಿನ ನಡುವಿನ ಸಣ್ಣ ಕಡ್ಡಿಯ ಮೂಲಕ ‘ನಾನು ಇಷ್ಟು ವ್ಯಾಟ್’ ಅಂತ ಚಾರ್ಜರ್ ಮಷಿನ್‌ಗೆ ತಿಳಿಸುತ್ತದೆ. ವ್ಯಾಟ್ ಸಾಲದು ಅಂತ ಗೊತ್ತಾದರೆ, ಅಥವಾ ಡೂಪ್ಲಿಕೇಟ್ ಚಾರ್ಜರ್ ಆಗಿದ್ದು ಆ ಸುದ್ದಿಯೇ ಬರದಿದ್ದರೆ, ಮಷಿನ್ ತನ್ನ ವೇಗವನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆ, ಬ್ಯಾಟರಿ ಚಾರ್ಜ್ ಆಗುವುದೂ ನಿಲ್ಲಬಹುದು. ಇದನ್ನು ಕಂಡುಹಿಡಿಯಲು ಮೆಕ್ಯಾನಿಕ್ ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಸಿಪಿಯು ನೋಡಿ. ಭಾರದ ಕೆಲಸ ನಡೆಯುವಾಗಲೂ ವೇಗ 0.8 ಗಿಗಾಹರ್ಟ್ಸ್ ಹತ್ತಿರವೇ ಅಂಟಿಕೊಂಡಿದ್ದರೆ ಮೊದಲ ಅನುಮಾನ ಚಾರ್ಜರ್ ಮೇಲೆ ಇರಲಿ. ಇದು ತಿಳಿಯದೆ ವಿಂಡೋಸ್ ಫಾರ್ಮ್ಯಾಟ್ ಮಾಡಿಸಿ, ಎಸ್‌ಎಸ್‌ಡಿ ಬದಲಾಯಿಸಿ, ಕೊನೆಗೆ ‘ಬೋರ್ಡ್ ಹೋಗಿದೆ’ ಅನ್ನಿಸಿಕೊಂಡು ಬಂದವರನ್ನು ನೋಡಿದ್ದೇನೆ. ಸಂಕಟ ಆಗುತ್ತದೆ.

ಎರಡನೆಯದು ಲಾಕ್. ಇವು ಕಂಪನಿಗಳಲ್ಲಿ ದುಡಿದ ಮಷಿನ್‌ಗಳು. ಕೆಲವುದರಲ್ಲಿ ಬಯೋಸ್‌ಗೆ, ಅಂದರೆ ಮಷಿನ್ ಆನ್ ಮಾಡಿದಾಗ ವಿಂಡೋಸ್‌ಗೂ ಮೊದಲು ಓಡುವ ಒಳಗಿನ ಸಾಫ್ಟ್‌ವೇರಿಗೆ, ಹಾಕಿದ ಪಾಸ್‌ವರ್ಡ್ ಹಾಗೇ ಉಳಿದಿರುತ್ತದೆ. ಥಿಂಕ್‌ಪ್ಯಾಡ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಕಂಪನಿ ಹೇಳುವ ಪರಿಹಾರ ಬೋರ್ಡನ್ನೇ ಬದಲಾಯಿಸುವುದು. ಇನ್ನೂ ಕಣ್ಣಿಗೆ ಬೀಳದ್ದು ಆಟೊಪೈಲಟ್, ಕಂಪನಿಗಳು ತಮ್ಮ ಮಷಿನ್‌ಗಳನ್ನು ನೋಂದಾಯಿಸಿಡುವ ಮೈಕ್ರೋಸಾಫ್ಟ್‌ನ ವ್ಯವಸ್ಥೆ. ಹಳೇ ಕಂಪನಿ ತನ್ನ ಪಟ್ಟಿಯಿಂದ ಮಷಿನ್ ತೆಗೆಯದೇ ಮಾರಿದ್ದರೆ, ಮುಂದೆ ಯಾವತ್ತೋ ನೀವು ಇಂಟರ್‌ನೆಟ್ ಹಾಕಿಕೊಂಡು ವಿಂಡೋಸ್ ಹೊಸದಾಗಿ ಹಾಕಿದಾಗ ಆ ಕಂಪನಿಯ ಹೆಸರು ಬಂದು ಆಫೀಸ್ ಇಮೇಲ್ ಕೇಳುತ್ತದೆ. ಅಂಗಡಿಯವರು ಇಂಟರ್‌ನೆಟ್ ಇಲ್ಲದೆ ವಿಂಡೋಸ್ ಹಾಕಿ ಕೊಟ್ಟಿದ್ದರೆ ಕೊಳ್ಳುವ ದಿನ ಇದು ಗೊತ್ತೇ ಆಗಲ್ಲ. ಅದಕ್ಕೇ ಅಂಗಡಿಯಲ್ಲೇ ಕೂತು, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ಎದುರಿಗೇ ವಿಂಡೋಸ್ ಹಾಕಿಸಿ. ಗಂಟೆ ಹಿಡಿಯಲಿ, ಟೀ ಕುಡಿದು ಕಾಯಿರಿ. ಹಾಗೇ ಮಷಿನ್ ಆನ್ ಆಗುವಾಗ ಎಫ್1, ಎಫ್2 ಅಥವಾ ಎಫ್10 ಒತ್ತಿ ಬಯೋಸ್ ಒಳಗೂ ಒಮ್ಮೆ ಹೋಗಿ ಬನ್ನಿ, ಪಾಸ್‌ವರ್ಡ್ ಕೇಳಿದರೆ ಆ ಮಷಿನ್ ಬೇಡ.

ಅಪ್‌ಗ್ರೇಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಹಾಗಾಗಿ ‘8 ಜಿಬಿ ಇದೆ, ಆಮೇಲೆ ಹಾಕಿಸಿಕೊಳ್ಳಿ’ ಅನ್ನುವ ಮಷಿನ್‌ಗಿಂತ ಮೊದಲೇ 32 ಜಿಬಿ ಇರುವುದಕ್ಕೆ ಸ್ವಲ್ಪ ಜಾಸ್ತಿ ಕೊಡುವುದು ಲೇಸು. ಪಿ52, ಪ್ರಿಸಿಷನ್ 7530 ಥರದವುಗಳಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್ ಇರುತ್ತವೆ. ಎರಡು ಕೆಳಗಿನ ಮುಚ್ಚಳ ತೆಗೆದರೆ ಸಿಗುತ್ತವೆ, ಇನ್ನೆರಡು ಕೀಬೋರ್ಡಿನ ಅಡಿಯಲ್ಲಿ. ಸ್ಲಾಟ್ ಖಾಲಿ ಇಲ್ಲ ಅಂತ ಯಾರಾದರೂ ಹೇಳಿದರೆ ಕೀಬೋರ್ಡ್ ತೆಗೆದು ನೋಡಿದ್ದಾರಾ ಕೇಳಿ. ಒಂದೇ 16ರ ಕಡ್ಡಿಗಿಂತ ಎರಡು 8ರ ಕಡ್ಡಿ ಚುರುಕು. ಇಸಿಸಿ ರ‍್ಯಾಮ್ (ಸಣ್ಣಪುಟ್ಟ ತಪ್ಪನ್ನು ತಾನೇ ತಿದ್ದಿಕೊಳ್ಳುವಂಥದ್ದು) ಅಂತ ಆಸೆ ತೋರಿಸಿದರೆ ಬೇಡ ಅನ್ನಿ, ಈ ಮಷಿನ್‌ಗಳಲ್ಲಿ ಐ7 ಬದಲು ಇಂಟೆಲ್‌ನ ಝಿಯಾನ್ ಪ್ರೊಸೆಸರ್ ಇದ್ದವರಿಗೆ ಮಾತ್ರ ಅದರಿಂದ ಉಪಯೋಗ. ಕಡ್ಡಿಯಾಕಾರದ (ಎಂ.2) ಎಸ್‌ಎಸ್‌ಡಿಯಲ್ಲಿ ಎನ್‌ವಿಎಂಇ ಮತ್ತು ಸಾಟಾ ಅಂತ ಎರಡು ಬಗೆ, ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ವೇಗದಲ್ಲಿ ಮಾತ್ರ ಆರು ಪಟ್ಟಿನವರೆಗೂ ವ್ಯತ್ಯಾಸ. ಸಾಟಾದ್ದು ಸೆಕೆಂಡಿಗೆ ಸುಮಾರು 550 ಎಂಬಿಗೇ ನಿಲ್ಲುತ್ತದೆ.

ಮಷಿನ್ ಕೈಗೆ ಬಂದ ಮೇಲೆ ಕಾಡುವುದು ಬಿಸಿ. ನಮ್ಮ ದಾವಣಗೆರೆ ಬೇಸಿಗೆಯಲ್ಲಿ, ಹಾಸಿಗೆ ಮೇಲೆ ಇಟ್ಟು ರೆಂಡರ್ ಹಾಕಿದರೆ ಪ್ರೊಸೆಸರ್ 100 ಡಿಗ್ರಿ ಮುಟ್ಟಿ ವೇಗ ಇಳಿಸಿಕೊಳ್ಳುತ್ತದೆ. ಒಳಗೆ ಫ್ಯಾನ್ ಎದುರಿನ ಜಾಲರಿಯಲ್ಲಿ ಧೂಳು ಹತ್ತಿಯ ಹಾಗೆ ಕಟ್ಟಿರುತ್ತದೆ. ಅದನ್ನು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸಿದರೆ ಎಷ್ಟೋ ಸಲ ಅಲ್ಲಿಗೇ ತೊಂದರೆ ಮುಗಿಯುತ್ತದೆ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದಿರಬೇಕು. ಕ್ಯಾಡ್‌ನಲ್ಲಿ 3ಡಿ ತಿರುಗಿಸಿದರೆ ತಡವರಿಸುತ್ತದೆ ಅಂದರೆ ಇನ್ನೊಂದು ಪುಕ್ಕಟೆ ಉಪಾಯ ಇದೆ. ಸಾಫ್ಟ್‌ವೇರ್ ಇಂಟೆಲ್‌ನ ಸಣ್ಣ ಗ್ರಾಫಿಕ್ಸ್ ಮೇಲೆಯೇ ಓಡುತ್ತಿರಬಹುದು, ದೊಡ್ಡ ಕಾರ್ಡ್ ಸುಮ್ನೆ ಮಲಗಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಗ್ರಾಫಿಕ್ಸ್‌ಗೆ ಹೋಗಿ ಆ ಸಾಫ್ಟ್‌ವೇರಿಗೆ ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ, ಕ್ಲಿಕ್ ಆಗದೆ ಬಿಗಿಯಾಗಿದ್ದರೆ ಅದು ಟಚ್‌ಪ್ಯಾಡಿನ ದೋಷ ಅಂದುಕೊಳ್ಳಬೇಡಿ. ಅಡಿಯ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಒತ್ತಿ ಕೂರಿಸಲು ಹೋಗದೆ ಬಳಕೆ ನಿಲ್ಲಿಸಿ ತೆಗೆಸಿ, ಕಸದ ಗಾಡಿಗಂತೂ ಹಾಕಬೇಡಿ.

ಈಗ ನನ್ನ ಬೇಡಿಕೆ. ಇಂಥ ಮಷಿನ್ ಮಾರುವವರು ಬಿಲ್ಲಿನಲ್ಲಿ ‘ಯೂಸ್ಡ್ ಲ್ಯಾಪ್‌ಟಾಪ್ 1’ ಅಂತ ಗೀಚಿ ಕೈತೊಳೆದುಕೊಳ್ಳಬಾರದು. ಪೂರ್ತಿ ಮಾಡೆಲ್, ಸೀರಿಯಲ್ ನಂಬರ್, ಪ್ರೊಸೆಸರಿನ ಪೂರ್ತಿ ಸಂಖ್ಯೆ, ಗ್ರಾಫಿಕ್ಸ್ ಕಾರ್ಡ್, ಕೊಟ್ಟ ಚಾರ್ಜರಿನ ವ್ಯಾಟ್, ಬಯೋಸ್ ಮತ್ತು ಕಂಪನಿ ಲಾಕ್ ಇಲ್ಲ ಅನ್ನುವ ಮಾತು, ಇಷ್ಟೂ ಬರೆದು ಸಹಿ ಹಾಕಲಿ. ಪ್ರಾಮಾಣಿಕ ಅಂಗಡಿಯವರಿಗೆ ಇದರಿಂದ ನಷ್ಟ ಏನೂ ಇಲ್ಲ, ಅಲ್ವಾ? ಕೊಳ್ಳುವವರೂ ಬಿಲ್ ಇಲ್ಲದೆ ನೂರಿನ್ನೂರು ಉಳಿಸುವ ಆಸೆ ಬಿಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ನಿರಾಕರಿಸುವುದೂ ಹಾಗೆಯೇ. ‘ಒಮ್ಮೆ ಮಾರಿದ ಮಾಲು ಹಿಂದಕ್ಕೆ ಪಡೆಯುವುದಿಲ್ಲ’ ಅನ್ನುವ ಬೋರ್ಡ್ ನೋಡಿ ಹೆದರಬೇಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.

ಕಾಲೇಜುಗಳಿಗೂ ಒಂದು ಮಾತು. ಮೊದಲ ವರ್ಷಕ್ಕೇ ‘ಐ7, 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಕಡ್ಡಾಯ’ ಅಂತ ಚೀಟಿ ಕೊಟ್ಟು ಕಳಿಸಬೇಡಿ. ಯಾವ ಸೆಮಿಸ್ಟರ್‌ನಲ್ಲಿ ಯಾವ ಸಾಫ್ಟ್‌ವೇರ್ ಬರುತ್ತದೆ, ಅದಕ್ಕೆ ಕನಿಷ್ಠ ಏನು ಬೇಕು, ಲ್ಯಾಬ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಇಷ್ಟನ್ನು ಅಡ್ಮಿಷನ್ ಹೊತ್ತಿಗೇ ನೋಟಿಸ್ ಬೋರ್ಡಿಗೆ ಹಾಕಿ. ಸಿವಿಲ್ ಓದುವ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಮೊದಲ ಎರಡು ವರ್ಷ ಮನೆಯಲ್ಲಿರುವ ಮಾಮೂಲಿ ಲ್ಯಾಪ್‌ಟಾಪೇ ಸಾಕಾಗುತ್ತದೆ.

ಇತಿ,
ನಿಮ್ಮ ಓದುಗ
ದಾವಣಗೆರೆ