ಕಲಬುರಗಿ ಬಿಸಿಲಿಗೆ ಒಗ್ಗುವ ಗುಲಾಬಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಶರಣು,

ಹೊಸ ಮನೆಯ ಅಂಗಳಕ್ಕೆ ಯಾವ ಗುಲಾಬಿ ತರಲಿ ಅಂತ ಕೇಳಿದ್ದೀಯ. ಬೆಂಗಳೂರಿನಿಂದ ಡಿಕ್ಕಿ ತುಂಬ ಗಿಡ ತರುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡು. ಅಲ್ಲಿನ ತಂಪಿನಲ್ಲಿ, ಕೆಂಪು ಮಣ್ಣಿನಲ್ಲಿ ಬೆಳೆದ ಗಿಡ ನಮ್ಮ ಎರೆ ಮಣ್ಣಿಗೆ, ಮೇ ತಿಂಗಳ 42-43 ಡಿಗ್ರಿಗೆ ಒಮ್ಮೆಲೇ ಹೊಂದಿಕೊಳ್ಳುವುದಿಲ್ಲ. ಇಲ್ಲಿ ಮೊದಲು ನೋಡಬೇಕಾದದ್ದು ಬೇಸಿಗೆ ತಡೆಯುತ್ತದಾ ಅಂತ. ಬಣ್ಣ ಆಮೇಲೆ.

ನನ್ನ ಕೇಳಿದರೆ ಮೊದಲ ಗಿಡ ಗ್ರುಸ್ ಆನ್ ಟೆಪ್ಲಿಟ್ಸ್. 1897ರ ಹಳೆಯ ತಳಿ. ಕಡು ಕೆಂಪು ಹೂ, ಗೊಂಚಲಾಗಿ ಬಿಡುತ್ತದೆ. ತೊಟ್ಟು ಮೆತ್ತಗೆ, ಹಾಗಾಗಿ ಹೂ ಯಾವಾಗಲೂ ತಲೆ ಬಗ್ಗಿಸಿಯೇ ಇರುತ್ತದೆ. ಹೂದಾನಿಗೆ ಬರುವುದಿಲ್ಲ, ಆದರೆ ದೇವರಿಗೆ, ಮಾಲೆಗೆ, ಗುಲ್ಕಂದಿಗೆ ಇದೇ ಬೇಕು. ಬಂದೇನವಾಜ್ ದರ್ಗಾದ ಮುಂದಿನ ಹೂವಿನ ಅಂಗಡಿಗಳ ಹತ್ತಿರ ಹೋದರೆ ಗಮ್ಮಂತ ಬರುತ್ತದಲ್ಲ, ಗುಲಾಬಿ ಅಂದರೆ ನಮಗೆಲ್ಲ ಆ ವಾಸನೆಯೇ ಅಲ್ವಾ? ಬೊಕ್ಕೆ ಅಂಗಡಿಯ ಡಚ್ ಗುಲಾಬಿಯಲ್ಲಿ ಅದು ಸಿಗುವುದು ಅಪರೂಪ. ಉದ್ದ ದಂಟು, ಜಾಸ್ತಿ ದಿನ ಬಾಳುವ ಹೂ, ಇದಕ್ಕಂತಲೇ ಬೆಳೆಸಿದ್ದು ಅದು. ಮನೆ ಮುಂದೆ ವಾಸನೆಯೇ ಇಲ್ಲದ ಗುಲಾಬಿ ಇಟ್ಟುಕೊಳ್ಳಲು ನನಗಂತೂ ಮನಸ್ಸಾಗುವುದಿಲ್ಲ.

ಐಸ್‌ಬರ್ಗ್ ಒಂದಕ್ಕೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಪರಿಮಳ ಕಡಿಮೆ, ಆದರೂ ಬೇಕು. 1958ರಲ್ಲಿ ಜರ್ಮನಿಯ ಕೋರ್ಡೆಸ್ ಮನೆತನದವರು ತಂದ ಬಿಳಿ ಗುಲಾಬಿ. ಒಂದು ಗೊಂಚಲು ಉದುರುವಷ್ಟರಲ್ಲಿ ಇನ್ನೊಂದು ತಯಾರಿರುತ್ತದೆ. ಎತ್ತರದ ಗಿಡ ಬೇಕಿದ್ದರೆ ಕ್ವೀನ್ ಎಲಿಜಬೆತ್ ಹಾಕು. ಗುಲಾಬಿ ಬಣ್ಣ, ಗಟ್ಟಿ ಜೀವ.

ದೊಡ್ಡ ಹೂವಿನ ಆಸೆ ನಿನಗಿದೆ ಅಂತ ಗೊತ್ತು. ಡಬಲ್ ಡಿಲೈಟ್ ತಗೋ. ಮೊಗ್ಗು ಬಿಚ್ಚುವಾಗ ಕೆನೆ ಬಣ್ಣ, ಎಸಳಿನ ಅಂಚಿನಲ್ಲಷ್ಟೇ ಕೆಂಪು. ಬಿಸಿಲು ಬೀಳುತ್ತಾ ಹೋದಂತೆ ಆ ಕೆಂಪು ಒಳಗೊಳಗೆ ಹರಡುತ್ತದೆ. ಒಂದೇ ಗಿಡದಲ್ಲಿ ನಿನ್ನೆಯ ಹೂವಿಗೂ ಇವತ್ತಿನ ಹೂವಿಗೂ ಬಣ್ಣ ಬೇರೆ. ನಮ್ಮ ಬಿಸಿಲನ್ನು ಬಳಸಿಕೊಂಡು ಚೆಂದವಾಗುವ ಹೂ ಇದು, ಪರಿಮಳವೂ ಜೋರು. ಕೆಂಪು ಬೇಕಿದ್ದರೆ ಮಿಸ್ಟರ್ ಲಿಂಕನ್. ನೀನು ಫೋಟೋ ಕಳಿಸಿದ್ದ ಪೀಸ್ ಗುಲಾಬಿಯನ್ನು ಮಾತ್ರ ಮುಂದಿನ ವರ್ಷಕ್ಕೆ ಇಡು. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಆ ಹೆಸರು ಪಡೆದ, ಲೋಕವೆಲ್ಲ ಮೆಚ್ಚಿದ ಹೂ ನಿಜ. ಆದರೆ ಅದರ ತಿಳಿ ಹಳದಿ ನಮ್ಮಲ್ಲಿ ಚಳಿಗಾಲದಲ್ಲಿ ಮಾತ್ರ ಕಳೆಗಟ್ಟುತ್ತದೆ. ಮಳೆಗಾಲದಲ್ಲಿ ಎಲೆಗೆ ಕಪ್ಪು ಚುಕ್ಕೆ ರೋಗ ಬೇಗ ಹತ್ತುತ್ತದೆ.

ಇನ್ನು ಮಣ್ಣು. ಇಲ್ಲಿ ಗುಲಾಬಿ ಕೆಡುವುದೇ ಮಣ್ಣಿನಿಂದ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಎರೆ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣದ ಅಂಶ ಜಾಸ್ತಿ ಇರುವುದರಿಂದ ಬೇರಿಗೆ ಸಿಗುವುದಿಲ್ಲ. ಜನ ನೀರು ಸಾಲದು ಅಂತ ಇನ್ನಷ್ಟು ಸುರಿಯುತ್ತಾರೆ. ಎರೆ ಮಣ್ಣು ನೀರು ಬಿಡುವುದಿಲ್ಲ, ಬೇರು ಕೊಳೆಯುತ್ತದೆ. ಅದಕ್ಕೇ ಬೀದರ್ ಕಡೆಯ ಕೆಂಪು ಮಣ್ಣು ನಾಲ್ಕು ಚೀಲ ತರಿಸು. ಕಳಿತ ಸಗಣಿ ಗೊಬ್ಬರ, ಮರಳು, ಒಂದಿಷ್ಟು ಬೇವಿನ ಹಿಂಡಿ ಸೇರಿಸಿ, ನೆಲದಿಂದ ಒಂದಡಿ ಎತ್ತರಕ್ಕೆ ಮಡಿ ಮಾಡು. ಬುಡಕ್ಕೆ ತೊಗರಿ ಹೊಟ್ಟು ಹರಡಿದರೆ ತೇವ ನಿಲ್ಲುತ್ತದೆ. ಕುಂಡದಲ್ಲಿ ಬೆಳೆಸುವುದಾದರೆ ಶಹಾಬಾದ್ ಕಲ್ಲಿನ ಮೇಲೆ ನೇರವಾಗಿ ಇಡಬೇಡ. ಆ ಕಲ್ಲು ಸಂಜೆವರೆಗೂ ಕಾದಿರುತ್ತದೆ, ಬೇರು ಬೇಯುತ್ತದೆ. ಕೆಳಗೆ ಇಟ್ಟಿಗೆ ಕೊಡು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ನೆರಳು ಬೇಕೇ ಬೇಕು.

ಕಸಿ ಗಂಟಿನ, ಅಂದರೆ ಕಾಡು ಗುಲಾಬಿಯ ಬುಡಕ್ಕೆ ಒಳ್ಳೆ ತಳಿಯನ್ನು ಕೂಡಿಸಿದ ಜಾಗದ, ಕೆಳಗೆ ಚಿಗುರು ಬಂದರೆ ಕರುಣೆ ತೋರಿಸದೆ ಕಿತ್ತುಬಿಡು. ಅದು ಕಾಡು ಗಿಡದ್ದು, ಮೇಲಿನ ಗಿಡವನ್ನೇ ನುಂಗುತ್ತದೆ.

ನೆಡುವುದು ದಸರಾ ಹೊತ್ತಿಗೆ ಇರಲಿ, ಮಳೆ ಬಿಟ್ಟಿರುತ್ತದೆ. ಮುಂದಿನ ವರ್ಷದಿಂದ ಅದೇ ಹೊತ್ತಿಗೆ ಕತ್ತರಿ ಹಾಕಿದರೆ ಆರೇಳು ವಾರಕ್ಕೆ ಹೂ ಬರುತ್ತದೆ. ಟೆಪ್ಲಿಟ್ಸ್‌ಗೆ ದುಡ್ಡು ಕೊಡಬೇಡ. ನಮ್ಮ ಗಿಡದಿಂದ ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿ ಬೇರು ಬರಿಸಿ ಇಡುತ್ತೇನೆ, ಬಂದು ಒಯ್ಯಿ. ಬರುವಾಗ ಅಂಗಳದ ಅಳತೆ ಬರೆದುಕೊಂಡು ಬಾ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅನ್ನುವುದನ್ನೂ ನೋಡಿಕೊಂಡು ಬಾ.

ನಿನ್ನ,
ಬಸು